ಲಿಂಗಕ್ಕೆ ಮಜ್ಜನ, ಕೆರೆಗೆ ನೊರೆ



ಪೀಣ್ಯದ ಕಾರ್ಖಾನೆಗಳಲ್ಲಿ ಮೂವತ್ತು ವರ್ಷ ಲೇತ್ ನಡೆಸಿ ನಿವೃತ್ತನಾದವನು ನಾನು. ಈಗ ಮಗನ ಜೊತೆ ವೈಟ್‌ಫೀಲ್ಡ್ ಕಡೆ, ವರ್ತೂರಿಗೆ ಹತ್ತಿರದ ಅಪಾರ್ಟ್‌ಮೆಂಟೊಂದರಲ್ಲಿದ್ದೇನೆ. ಅಲ್ಲಿ ನಮ್ಮ ಸಮಾಜದ ಮನೆಗಳು ಇಪ್ಪತ್ತಕ್ಕೂ ಹೆಚ್ಚು. 2024ರ ಬಸವ ಜಯಂತಿಯನ್ನು ಎಲ್ಲರೂ ಸೇರಿ ಆಚರಿಸಿದೆವು. ಆ ದಿನದ ಬಗ್ಗೆ ಬರೆಯದೆ ನನಗೆ ನೆಮ್ಮದಿಯಿಲ್ಲ.

ಆ ಬೇಸಿಗೆ ನಿಮಗೆ ನೆನಪಿದೆ. ಕೊಳವೆಬಾವಿಗಳು ಬತ್ತಿದ್ದವು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಕೈತೋಟಕ್ಕೆ ಹರಿಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಮಾರ್ಚ್‌ನಲ್ಲೇ ಸಾರಿತ್ತು. ಆದರೂ ಹಬ್ಬದ ಬೆಳಿಗ್ಗೆ ನಾವು ಟ್ಯಾಂಕರ್ ನೀರಿಗೆ ಪೈಪ್ ಹಾಕಿ ಅಂಗಳ ತೊಳೆದೆವು. ಅಪ್ಪ ಬಸವಣ್ಣನವರ ಭಾವಚಿತ್ರದ ಫ್ಲೆಕ್ಸ್ ಕಟ್ಟಿದೆವು. ಕಾಯಕ, ದಾಸೋಹದ ಮೇಲೆ ಮೂರು ಭಾಷಣಗಳಾದವು. ಊಟಕ್ಕೆ ಪ್ಲಾಸ್ಟಿಕ್ ತಟ್ಟೆ, ಪ್ಲಾಸ್ಟಿಕ್ ಲೋಟ. ಮಿಕ್ಕ ಅನ್ನ, ಸಾರು, ತಟ್ಟೆ, ಲೋಟ ಎಲ್ಲವನ್ನೂ ದೊಡ್ಡ ಕಪ್ಪು ಚೀಲಗಳಿಗೆ ತುಂಬಿ ಮೂಲೆಗಿಟ್ಟೆವು.

ಮರುದಿನ ಬೆಳಿಗ್ಗೆ ವಾಕಿಂಗ್ ಹೊರಟವನು ಕಂಡದ್ದೇನು? ಕಸ ತೆಗೆಯುವ ಹೆಣ್ಣುಮಗಳೊಬ್ಬಳು ಆ ಚೀಲ ಹರಿದು, ಹಳಸಿದ ಅನ್ನದೊಳಗಿಂದ ತಟ್ಟೆಗಳನ್ನು ಬರಿಗೈಯಲ್ಲಿ ಎತ್ತಿಡುತ್ತಿದ್ದಳು. ನನ್ನನ್ನು ಕಂಡು, ‘ನಿನ್ನೆ ನಿಮ್ಮೋರ ಹಬ್ಬವಾ ಯಜಮಾನ್ರೇ?’ ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ತಲೆ ಎತ್ತಲಾಗಲಿಲ್ಲ.

ಕಸ ಬೇರ್ಪಡಿಸುವುದನ್ನು ಸ್ವಚ್ಛತೆಯ ವಿಚಾರವೆಂದು ನಾವು ತಿಳಿದಿದ್ದೇವೆ. ನಾನು ಹೇಳುತ್ತೇನೆ, ಅದು ಜಾತಿಯ ವಿಚಾರ. ನನ್ನ ಎಂಜಲನ್ನು ನಾನು ಮುಟ್ಟಲಾರೆ, ಇನ್ನೊಬ್ಬರ ಕೈ ಮುಟ್ಟಲಿ ಎನ್ನುವವನು ಹಣೆಗೆ ಎಷ್ಟು ವಿಭೂತಿ ಧರಿಸಿದರೇನು? ಕಲ್ಯಾಣದ ಶರಣರು ಹೋರಾಡಿದ್ದು ಈ ಮನಸ್ಸಿನ ವಿರುದ್ಧವೇ ಅಲ್ಲವೇ? ಹಸಿ, ಒಣ, ಸ್ಯಾನಿಟರಿ ಎಂದು ಮೂರು ಬುಟ್ಟಿ ಇಡಲು ನಮಗೆ ಬೇಸರ. ಆ ಬೇಸರದ ಬೆಲೆಯನ್ನು ಮಾವಳ್ಳಿಪುರದವರು ತೆತ್ತರು, ಮಂಡೂರಿನವರು ತೆತ್ತರು. ನಗರದ ಕಸ ತಮ್ಮ ನೀರನ್ನು, ಗಾಳಿಯನ್ನು ಕೆಡಿಸಿದಾಗ ಆ ಹಳ್ಳಿಯವರು ಬೀದಿಗಿಳಿದರು. ಮಾವಳ್ಳಿಪುರದಲ್ಲಿ 2012ರಲ್ಲಿ, ಮಂಡೂರಿನಲ್ಲಿ 2014ರಲ್ಲಿ ಕಸ ಸುರಿಯುವುದು ನಿಂತಿತು. ಕಸ ಬೇರೆ ಊರುಗಳ ಪಾಲಾಯಿತು, ನಮ್ಮ ಅಭ್ಯಾಸ ಬದಲಾಗಲಿಲ್ಲ.

ನೀರಿನ ಮಾತಿಗೆ ಬರೋಣ. ಸೊನ್ನಲಿಗೆಯ ಸಿದ್ಧರಾಮ ಶಿವಯೋಗಿಗಳು ಕೆರೆ ಕಟ್ಟಿಸಿದರು. ನಾವು ಕೆರೆಗೆ ನೊರೆ ಕೊಟ್ಟೆವು. ಬೆಳ್ಳಂದೂರು ಕೆರೆ 2017ರ ಫೆಬ್ರುವರಿಯಲ್ಲಿ ಹೊತ್ತಿ ಉರಿಯಿತು, 2018ರ ಜನವರಿಯಲ್ಲಿ ಮತ್ತೆ ಉರಿಯಿತು. ವರ್ತೂರು ಕೋಡಿಯಲ್ಲಿ ನೊರೆ ಎದ್ದು ರಸ್ತೆಗೆ ಹಾರಿತು. ಆ ನೊರೆಯಲ್ಲಿ ನಮ್ಮ ಬಚ್ಚಲಿನ ಸೋಪಿನ ಪುಡಿಯ ಪಾಲೂ ಇತ್ತು. ಇತ್ತ ಕುಡಿಯುವ ಕಾವೇರಿ ಸುಮಾರು 100 ಕಿಲೋಮೀಟರ್ ದೂರದಿಂದ, ತೊರೆಕಾಡನಹಳ್ಳಿಯ ಪಂಪುಗಳ ಮೂಲಕ ಬೆಟ್ಟದೆತ್ತರ ಏರಿ ಬರಬೇಕು. ಅಷ್ಟು ವಿದ್ಯುತ್ ಸುಟ್ಟು ಬಂದ ನೀರನ್ನು ಹಲ್ಲುಜ್ಜುವಷ್ಟು ಹೊತ್ತೂ ನಲ್ಲಿ ತಿರುಗಿಸಿ ಬಿಡುತ್ತೇವೆ. ಇಷ್ಟಲಿಂಗದ ಮಜ್ಜನಕ್ಕೆ ಎಷ್ಟು ನೀರು ಬೇಕು? ಒಂದು ಗಿಂಡಿ ಸಾಕು. ಅದೇ ಭಕ್ತನ ಮಜ್ಜನಕ್ಕೆ ಮಾತ್ರ ಶವರಿನಡಿ ಹತ್ತು ನಿಮಿಷ!

ಕೆಲವು ಹಿರಿಯರು ನನ್ನ ಮಾತಿಗೆ ತಕರಾರು ತೆಗೆಯುತ್ತಾರೆ: ‘ಕಾರ್ಖಾನೆಗಳು ವಿಷ ಬಿಡುತ್ತವೆ, ಸರ್ಕಾರ ಸುಮ್ಮನಿದೆ. ನಮ್ಮ ಮನೆಯ ಒಂದು ಬಕೆಟ್ ನೀರಿನಿಂದ ಏನಾದೀತು?’ ಕಾರ್ಖಾನೆಯ ಪಾಪ ನನಗೆ ಗೊತ್ತು. ಪೀಣ್ಯದಲ್ಲಿ ದುಡಿದವನು ನಾನು. ವೃಷಭಾವತಿಯ ಕಪ್ಪು ನೀರನ್ನು ವರ್ಷಗಟ್ಟಲೆ ಕಂಡಿದ್ದೇನೆ. ಅದನ್ನು ಪ್ರಶ್ನಿಸಲೇಬೇಕು. ಆದರೆ ನುಡಿಗೆ ಬಲ ಬರುವುದು ನಡೆಯಿಂದ. ತನ್ನ ಮನೆಯ ಕಸವನ್ನೇ ವಿಂಗಡಿಸದವನು ಕಾರ್ಖಾನೆಯ ಮಾಲೀಕನಿಗೆ ಯಾವ ಬಾಯಲ್ಲಿ ಬುದ್ಧಿ ಹೇಳುತ್ತಾನೆ?

ಆಯ್ದಕ್ಕಿ ಲಕ್ಕಮ್ಮನವರನ್ನು ನೆನೆಯಿರಿ. ಪತಿ ಮಾರಯ್ಯನವರು ದಿನದ ಅಗತ್ಯ ಮೀರಿ ಅಕ್ಕಿ ತಂದಾಗ, ಇದು ಆಸೆ, ಹಿಂದಿರುಗಿಸಿ ಬನ್ನಿ ಎಂದ ತಾಯಿ ಅವರು. ಇಂದು ಜಗತ್ತು ಸುಸ್ಥಿರ ಬದುಕು ಎಂದು ಹೆಸರಿಟ್ಟು ಸಭೆ ಸೇರುತ್ತಿರುವುದು ಆ ಬಡ ಗುಡಿಸಲಿನಲ್ಲಿ 12ನೇ ಶತಮಾನದಲ್ಲೇ ನಡೆದಿತ್ತು. ನಾವೋ, ಫ್ರಿಜ್ಜಿನಲ್ಲಿಟ್ಟು ಮರೆತ ಅನ್ನವನ್ನು ಮೂರನೆಯ ದಿನ ಚೆಲ್ಲುತ್ತೇವೆ. ಪ್ರಸಾದವೆಂದು ಕಣ್ಣಿಗೊತ್ತಿಕೊಳ್ಳುವುದೂ ನಾವೇ, ಚೆಲ್ಲುವುದೂ ನಾವೇ.

ಆ ದಿನದಿಂದ ನಮ್ಮ ಮನೆಯಲ್ಲಿ ಕೆಲವು ಬದಲಾವಣೆ ಮಾಡಿಕೊಂಡಿದ್ದೇವೆ. ಸ್ನಾನ ಬಕೆಟ್ಟಿನಲ್ಲಿ. ಆರ್‌ಓ ಯಂತ್ರ ಹೊರಚೆಲ್ಲುವ ನೀರು ನೆಲ ಒರೆಸಲು. ಅಡಿಗೆಗೆ ಸೊಸೆ ಪಾವಿನಲ್ಲಿ ಅಳೆದೇ ಅಕ್ಕಿ ಹಾಕುತ್ತಾಳೆ. ತರಕಾರಿ ಸಿಪ್ಪೆ ಬಾಲ್ಕನಿಯ ಮಣ್ಣಿನ ಮಡಕೆಯಲ್ಲಿ ಗೊಬ್ಬರವಾಗುತ್ತದೆ. ಅದನ್ನು ಕೆದಕುವುದು ನನ್ನ ಕಾಯಕ. ಸಂತೆಗೆ ಬಟ್ಟೆ ಚೀಲ. ಮೊದಲ ವಾರ ಮಡಕೆ ನಾರಿತು, ಮಗ ಗೊಣಗಿದ. ಒಣಗಿದ ಎಲೆ, ತೆಂಗಿನ ನಾರಿನ ಪುಡಿ ಬೆರೆಸಿದ ಮೇಲೆ ಸರಿಹೋಯಿತು. ಇದರಲ್ಲಿ ದೊಡ್ಡಸ್ತಿಕೆ ಏನೂ ಇಲ್ಲ. ಹಳ್ಳಿಯಲ್ಲಿ ನಮ್ಮವ್ವ ಬೂದಿಯಲ್ಲಿ ಪಾತ್ರೆ ತಿಕ್ಕಿ, ಮುಸುರೆ ನೀರನ್ನು ದನಕ್ಕೆ ಕೊಡುತ್ತಿದ್ದಾಗ ಇದಕ್ಕೆಲ್ಲ ಹೆಸರೇ ಇರಲಿಲ್ಲ.

ಕೊನೆಗೆ ಪೂಜ್ಯರ ಪಾದಗಳಿಗೆ ಒಂದು ಬಿನ್ನಹ. ಫ್ಲೆಕ್ಸ್, ಪ್ಲಾಸ್ಟಿಕ್ ತಟ್ಟೆ ಲೋಟಗಳನ್ನು ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿದೆ. ಆದರೂ ನಮ್ಮ ಸಮಾರಂಭಗಳಲ್ಲಿ ಅವು ಕಾಣುತ್ತಿವೆ. ಭಕ್ತರು ಕಟ್ಟುವ ಫ್ಲೆಕ್ಸಿನಲ್ಲಿ ತಮ್ಮ ಭಾವಚಿತ್ರ ಬೇಡವೆಂದು ತಾವೇ ಒಂದು ಮಾತು ಹೇಳಿದರೆ ಸಾಕು, ಸಾವಿರ ಫ್ಲೆಕ್ಸ್ ನಿಲ್ಲುತ್ತವೆ. ದಾಸೋಹಕ್ಕೆ ಬರುವವರು ತಮ್ಮ ತಟ್ಟೆ ತಾವೇ ತೊಳೆಯಲಿ ಎಂದು ಅಪ್ಪಣೆಯಾದರೆ ಅದಕ್ಕಿಂತ ದೊಡ್ಡ ಪ್ರವಚನ ಬೇಕಿಲ್ಲ.

ಮುಂದಿನ ಬಸವ ಜಯಂತಿಗೆ ಅಪಾರ್ಟ್‌ಮೆಂಟಿನ ಬಂಧುಗಳಿಗೆ ಒಂದೇ ಷರತ್ತು ಹಾಕಲಿದ್ದೇನೆ: ಸ್ಟೀಲ್ ತಟ್ಟೆ, ಮತ್ತು ಪಂಕ್ತಿಯ ಮೊದಲ ಸಾಲಿನಲ್ಲಿ ಆ ಹೆಣ್ಣುಮಗಳು. ಅಂದು ಅವಳು, ‘ಇದು ನಿಮ್ಮೋರ ಹಬ್ಬವಾ?’ ಎಂದು ಕೇಳುವಂತಾಗಬಾರದು. ನಮ್ಮೆಲ್ಲರ ಹಬ್ಬ ಎಂದು ಅವಳಿಗೇ ಅನಿಸಬೇಕು.