ಬಣ್ಣ ಕಾಣಲ್ಲ ಅನ್ನೋರಿಗೆ

‘ರೇಸಿಸಂ ಅಮೆರಿಕದವರ ಕಾಯಿಲೆ. ನಮ್ಮಲ್ಲಿರೋದು ಜಾತಿ ಅಷ್ಟೇ.’ ಆಫೀಸಿನ ಊಟದ ಟೇಬಲ್ಲಿನಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಅಷ್ಟೇ ಅಂತೆ! ಇನ್ನು ಕೆಲವರದ್ದು, ‘ನಂಗೆ ಬಣ್ಣಗಿಣ್ಣ ಕಾಣಲ್ಲಪ್ಪ, ಎಲ್ರೂ ಮನುಷ್ಯರೇ.’ ಕೇಳೋಕೇನೋ ಚೆನ್ನಾಗಿದೆ. ಆದರೆ ಇದು ಒಳ್ಳೆಯತನ ಅಲ್ಲ, ಮಾತು ತಪ್ಪಿಸಿಕೊಳ್ಳೋ ಉಪಾಯ ಅಂತೀನಿ ನಾನು.

2016ರಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರು ಡಿಕ್ಕಿ ಹೊಡೆದು ಮಹಿಳೆಯೊಬ್ಬರು ಸತ್ತರು. ಸ್ವಲ್ಪ ಹೊತ್ತಿನ ನಂತರ ಆ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಬಿತ್ತು. ಅವಳಿಗೂ ಅಪಘಾತಕ್ಕೂ ಸಂಬಂಧವೇ ಇರಲಿಲ್ಲ, ಬಣ್ಣ ಒಂದನ್ನು ಬಿಟ್ಟು. ಆದರೂ ಇದು ಜನಾಂಗೀಯ ದಾಳಿ ಅಲ್ಲ ಅಂದರು ಆಗಿನ ಗೃಹ ಸಚಿವರು. 2012ರ ಆಗಸ್ಟಿನಲ್ಲಿ ಬರೀ ವದಂತಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಇದೇ ಊರಿಂದ ಗುವಾಹಟಿ ರೈಲು ಹತ್ತಿದರು. ನಮಗೆ ಮುಖ ಕಾಣೋದೇ ಇಲ್ಲ ಅನ್ನೋದಾದರೆ, ಅವರಿಗೆ ತಮ್ಮ ಮುಖವೇ ಅಪಾಯ ಅಂತ ಅನ್ಸಿದ್ದು ಯಾಕೆ ಸ್ವಾಮಿ?

ಮಾತಾಡದಿದ್ದರೆ ಭೇದ ಹೋಗುತ್ತೆ ಅನ್ನೋರು ಮಾಮಿ ಮತ್ತು ಕೆನೆತ್ ಕ್ಲಾರ್ಕ್ ದಂಪತಿಯ ಪ್ರಯೋಗ ನೋಡಬೇಕು. 1940ರ ಹೊತ್ತಿಗೆ ಅಮೆರಿಕದಲ್ಲಿ ಈ ಮನಶ್ಶಾಸ್ತ್ರಜ್ಞರು ಮೂರರಿಂದ ಏಳು ವರ್ಷದ ಕಪ್ಪು ಮಕ್ಕಳ ಮುಂದೆ ಬಣ್ಣವೊಂದನ್ನು ಬಿಟ್ಟು ಎಲ್ಲದರಲ್ಲೂ ಒಂದೇ ಥರದ ಗೊಂಬೆಗಳನ್ನಿಟ್ಟರು. ಒಳ್ಳೇ ಗೊಂಬೆ ಯಾವುದು ಅಂದರೆ ಹೆಚ್ಚಿನ ಮಕ್ಕಳು ಬಿಳೀದನ್ನು ತೋರಿಸಿದರು. ನಿನ್ನ ಥರ ಇರೋದು ಯಾವುದು ಅಂದಾಗ ಕೆಲವರು ಅತ್ತುಬಿಟ್ಟರು. ಆ ಮಕ್ಕಳಿಗೆ ಇದನ್ನು ಯಾರೂ ಕೂರಿಸಿ ಪಾಠ ಮಾಡಬೇಕಾಗಿರಲಿಲ್ಲ. ಸುತ್ತಲಿನ ಲೋಕ ನೋಡಿಯೇ ಕಲಿತಿದ್ದರು. 1954ರಲ್ಲಿ ಶಾಲೆಗಳಲ್ಲಿ ಬಣ್ಣದ ಬೇಲಿ ತಪ್ಪು ಎಂದು ತೀರ್ಪು ಕೊಟ್ಟಾಗ ಅಲ್ಲಿನ ಸುಪ್ರೀಂ ಕೋರ್ಟು ಕ್ಲಾರ್ಕ್ ಅವರ ಕೆಲಸವನ್ನೂ ಉಲ್ಲೇಖಿಸಿತು.

ನಮ್ಮ ಮಕ್ಕಳೂ ಹಾಗೇ ಕಲೀತಾರೆ. ಮೆಟ್ರೋದಲ್ಲಿ ಮಗು, ‘ಅಮ್ಮಾ, ಆ ಅಂಕಲ್ ಯಾಕೆ ಅಷ್ಟು ಕಪ್ಪು?’ ಅಂದ್ರೆ ‘ಶ್! ಹಾಗೆಲ್ಲ ಕೇಳಬಾರದು’ ಅಂತೀವಿ. ಕಪ್ಪು ಅನ್ನೋದು ಬಾಯಲ್ಲಿ ಹೇಳಬಾರದಂಥ ಏನೋ ಅಂತ ಮಗುವಿಗೆ ಗೊತ್ತಾಗೋದು ಆ ‘ಶ್’ನಿಂದ. ಚರ್ಮದ ಬಣ್ಣ ಒಬ್ಬೊಬ್ಬರದ್ದು ಒಂದೊಂದು ಥರ, ನಿಂದೂ ಒಂದು ಬಣ್ಣ ಅಂತ ಹೇಳಿದ್ರೆ ಏನು ಹೋಗುತ್ತೆ?

ಆಫೀಸಿನಲ್ಲೂ ಅಷ್ಟೇ. ಮಣಿಪುರದ ಹುಡುಗಿಯನ್ನು ಯಾರಾದ್ರೂ ‘ಚಿಂಕಿ’ ಅಂದ್ರೆ, ತಮಾಷೆಗೆ ಅಂದಿದ್ದು ಬಿಡು ಅಂತ ಅವಳಿಗೆ ಸಮಾಧಾನ ಹೇಳ್ಬೇಡಿ. ಅಂದವನಿಗೆ ಹೇಳಿ, ಅಲ್ಲೇ, ಎಲ್ಲರೆದುರು.