ಹಾಗಲಬಳ್ಳಿಯ ಪರದೆ

ಜಪಾನ್ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಮೂರೋ ನಾಲ್ಕೋ ಚಿತ್ರಗಳು. ಹಿಮ ಹೊದ್ದ ಫ್ಯೂಜಿ ಪರ್ವತ, ಗಾಳಿಯನ್ನು ಸೀಳಿಕೊಂಡು ಓಡುವ ರೈಲು, ಹೂಬಿಟ್ಟ ಚೆರ್ರಿ ಮರ. ಕ್ಯಾಲೆಂಡರು, ಸಿನಿಮಾಗಳು ನಮಗೆ ಕೊಟ್ಟ ಜಪಾನ್ ಇಷ್ಟೇ. ಅಲ್ಲಿನ ಜನ ಸೆಕೆ ತಾಳಲಾರದೆ ಏನು ಮಾಡುತ್ತಾರೆ, ಬಾಯಾರಿದಾಗ ಏನು ಕುಡಿಯುತ್ತಾರೆ, ಸಂಜೆ ಸೊಳ್ಳೆ ಬಂದರೆ ಹೇಗೆ ಓಡಿಸುತ್ತಾರೆ ಎಂಬುದು ಆ ಚಿತ್ರಗಳಲ್ಲಿ ಇರುವುದಿಲ್ಲ. ಒಂದು ದೇಶವನ್ನು ಅರಿಯಬೇಕಾದರೆ ಅದರ ಹಿತ್ತಿಲನ್ನು ನೋಡಬೇಕು.

ಸಿರಿಗೇರಿಯಲ್ಲಿ ನನ್ನ ಬಳಿ ಓದಿದ ಹುಡುಗನೊಬ್ಬ ಈಗ ಜಪಾನಿನ ನಗೋಯಾ ನಗರದಲ್ಲಿ ಎಂಜಿನಿಯರ್. ಕಳೆದ ಆಗಸ್ಟ್ ತಿಂಗಳಲ್ಲಿ ಆತ ಮೊಬೈಲಿಗೆ ಸುಮಾರು ನಲವತ್ತು ಫೋಟೊ ಕಳಿಸಿದ. ಅಲ್ಲಿ ಬೇಸಿಗೆ ಎಂದರೆ ಜುಲೈ, ಆಗಸ್ಟ್. 'ಪ್ರವಾಸಿ ತಾಣದ ಫೋಟೊ ಒಂದೂ ಇಲ್ಲ ಸರ್. ಎಲ್ಲಾ ನಮ್ಮ ಓಣಿಯವೇ' ಎಂದು ಬರೆದಿದ್ದ. ಅವುಗಳನ್ನು ಬಳ್ಳಾರಿಯಲ್ಲಿ ಪ್ರಿಂಟ್ ಹಾಕಿಸಿ ತರಗತಿಯಲ್ಲಿ ದಾರಕ್ಕೆ ಸಾಲಾಗಿ ತೂಗು ಹಾಕಿದೆ. ಒಂದು ವಾರ ವಿಜ್ಞಾನದ ಪಾಠವೆಲ್ಲ ಅವುಗಳಿಂದಲೇ ನಡೆಯಿತು.

ಮೊದಲ ಫೋಟೊದಲ್ಲಿ ಮುದುಕಿಯೊಬ್ಬಳು ಮರದ ಬಕೆಟ್ಟಿನಿಂದ ನೀರನ್ನು ಸೌಟಿನಲ್ಲಿ ಮೊಗೆದು ಬಾಗಿಲ ಮುಂದೆ ಚಿಮುಕಿಸುತ್ತಿದ್ದಾಳೆ. 'ಇದನ್ನ ನಮ್ಮವ್ವ ದಿನಾ ಮಾಡ್ತಾಳ್ರಿ ಸರ್' ಎಂದಳು ಮುಂದಿನ ಸಾಲಿನ ಹುಡುಗಿ. ನಿಜ, ನಾವು ಅಂಗಳಕ್ಕೆ ಥಳಿ ಹೊಡೆಯುವ ಹಾಗೆಯೇ. ಅವರು ಇದಕ್ಕೆ 'ಉಚಿಮಿಜು' ಎನ್ನುತ್ತಾರೆ. ಒಂದು ಲೀಟರ್ ನೀರನ್ನು 30 ಡಿಗ್ರಿಯಿಂದ ಕುದಿಯುವ ಮಟ್ಟಕ್ಕೆ ತರಲು 70 ಕಿಲೋಕ್ಯಾಲರಿ ಶಾಖ ಸಾಕು. ಅದೇ ಒಂದು ಲೀಟರ್ ನೀರು ಅಂಗಳದಲ್ಲಿ ತಾನಾಗಿ ಆವಿಯಾಗಿ ಹೋಗಲು ಸುಮಾರು 580 ಕಿಲೋಕ್ಯಾಲರಿ ಬೇಕು. ಅಂದರೆ ಎಂಟು ಪಟ್ಟು. ಆ ಶಾಖವನ್ನೆಲ್ಲ ಅದು ಕಾದ ನೆಲದಿಂದ, ಗಾಳಿಯಿಂದ ಕಿತ್ತುಕೊಂಡು ಹೋಗುತ್ತದೆ. ಟೋಕಿಯೋದಲ್ಲಿ 2003ರಿಂದ ಇದನ್ನೊಂದು ಚಳವಳಿಯನ್ನಾಗಿಯೇ ಮಾಡಿದ್ದಾರೆ. ನಲ್ಲಿಯ ನೀರನ್ನಲ್ಲ, ಸ್ನಾನ ಮಾಡಿ ಉಳಿದ ನೀರನ್ನೋ ಮಳೆನೀರನ್ನೋ ಬಳಸಬೇಕೆಂಬುದು ಅದರ ನಿಯಮ.

ಎರಡನೆಯದರಲ್ಲಿ ಕಿಟಕಿಯ ಹೊರಗೆ ಇಳಿಬಿಟ್ಟ ಬಿದಿರ ಕಡ್ಡಿಯ ತೆರೆ. ಹೆಸರು 'ಸುದಾರೆ'. ನಾವು ಪರದೆಯನ್ನು ಕಿಟಕಿಯ ಒಳಗೆ ಕಟ್ಟುತ್ತೇವೆ. ಬಿಸಿಲು ಗಾಜು ದಾಟಿ ಒಳಗೆ ಬಂದ ಮೇಲೆ ಪರದೆ ಕಾಯುತ್ತದೆ, ಕಾದ ಪರದೆ ಕೋಣೆಯನ್ನು ಕಾಯಿಸುತ್ತದೆ. ತೆರೆ ಹೊರಗಿದ್ದರೆ ಶಾಖ ಹೊರಗೇ ಉಳಿಯುತ್ತದೆ. ಲಾವಂಚದ ತಟ್ಟಿ ಕಟ್ಟಿ ನೀರು ಹನಿಸುತ್ತಿದ್ದ ನಮ್ಮ ಹಿರಿಯರಿಗೂ ಇದು ಗೊತ್ತಿತ್ತು.

ಮೂರನೆಯ ಫೋಟೊಕ್ಕೆ ಇಡೀ ತರಗತಿಯೇ ನಕ್ಕಿತು. ಬಾಯಿ ತೆರೆದು ಕೂತ ಮಣ್ಣಿನ ಹಂದಿ, ಅದರ ಹೊಟ್ಟೆಯಿಂದ ಹೊಗೆ! ಹಂದಿಯ ಒಳಗೆ ಉರಿಯುತ್ತಿರುವುದು ಸೊಳ್ಳೆ ಬತ್ತಿ. ಕಾಲುವೆ ನೀರಿನ ಭತ್ತದ ಗದ್ದೆಗಳ ನಡುವೆ ಬದುಕುವ ನಮ್ಮ ಮನೆಮನೆಯಲ್ಲೂ ಸಂಜೆ ಉರಿಯುವ ಈ ಸುರುಳಿ ಹುಟ್ಟಿದ್ದು ಜಪಾನಿನಲ್ಲಿ ಎಂಬುದು ಎಷ್ಟು ಜನರಿಗೆ ಗೊತ್ತು? ಎಯಿಚಿರೊ ಉಯೆಯಾಮಾ ಎಂಬಾತ 1890ರಲ್ಲಿ ಸೇವಂತಿಗೆ ಜಾತಿಯ ಒಂದು ಹೂವಿನ ಪುಡಿಯಿಂದ ಊದಿನಕಡ್ಡಿಯಂಥ ಸೊಳ್ಳೆ ಕಡ್ಡಿ ಮಾಡಿದ. ಅದು ಮುಕ್ಕಾಲು ಗಂಟೆಯೂ ಉರಿಯುತ್ತಿರಲಿಲ್ಲ. ಅದನ್ನು ದಪ್ಪವಾಗಿ, ಸುರುಳಿಯಾಗಿ ಮಾಡಬಾರದೇಕೆ ಎಂದು 1895ರಲ್ಲಿ ಸೂಚಿಸಿದವಳು ಅವನ ಹೆಂಡತಿ ಯೂಕಿ. 1902ರಲ್ಲಿ ಸುರುಳಿ ಮಾರುಕಟ್ಟೆಗೆ ಬಂತು. ಇಂದಿನ ಸುರುಳಿ ಸುಮಾರು ಏಳು ಗಂಟೆ ಉರಿಯುತ್ತದೆ. ಉದ್ದದ ವಸ್ತುವನ್ನು ಕಡಿಮೆ ಜಾಗದಲ್ಲಿ ಅಡಗಿಸುವ ಈ ಜಾಣತನ ಹೊಳೆದದ್ದು ಗೃಹಿಣಿಯೊಬ್ಬಳಿಗೆ ಎಂದಾಗ ಹೆಣ್ಣುಮಕ್ಕಳು ಚಪ್ಪಾಳೆ ತಟ್ಟಿದರು.

ಹುರಿದ ಬಾರ್ಲಿ ಕುದಿಸಿ ತಣಿಸಿದ ಪಾನೀಯದ ಹೂಜಿ, ಅದರ ಹೆಸರು 'ಮುಗಿಚಾ'. ನಮ್ಮ ಅಂಬಲಿ, ಮಜ್ಜಿಗೆಯ ಬಂಧು ಎನ್ನಿ. ಸೂರಿಗೆ ತೂಗುಹಾಕಿದ ಪುಟ್ಟ ಗಾಜಿನ ಗಂಟೆ 'ಫೂರಿನ್', ಎಲೆ ಅಲುಗದಂಥ ಗಾಳಿ ಬಂದರೂ ಕಿಣಿ ಎನ್ನುತ್ತದೆ. ಆಗಸ್ಟ್ ಮಧ್ಯದ 'ಓಬೊನ್', ಅವರ ಹಿರಿಯರ ಹಬ್ಬ. ಸೌತೆಕಾಯಿಗೆ ನಾಲ್ಕು ಕಡ್ಡಿ ಚುಚ್ಚಿ ಕುದುರೆ, ಬದನೆಕಾಯಿಗೆ ಚುಚ್ಚಿ ಆಕಳು ಮಾಡಿ ಇಡುತ್ತಾರೆ. ತೀರಿಹೋದ ಹಿರಿಯರು ಮನೆಗೆ ಕುದುರೆಯ ಮೇಲೆ ಬೇಗ ಬರಲಿ, ಆಕಳ ಮೇಲೆ ನಿಧಾನವಾಗಿ ಮರಳಲಿ ಎಂದು. ಮಹಾಲಯ ಅಮಾವಾಸ್ಯೆಗೆ ಎಡೆ ಇಡುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಮೇಷ್ಟ್ರಾದ ನನ್ನ ಕಣ್ಣು ನಿಂತದ್ದು ಮಾತ್ರ ಇನ್ನೊಂದು ಫೋಟೊದ ಮೇಲೆ. ಒಂದನೇ ತರಗತಿಯ ಮಗುವೊಂದು ಹೂಕುಂಡವನ್ನು ಎರಡೂ ಕೈಯಲ್ಲಿ ಅಪ್ಪಿ ಮನೆಗೆ ಹೋಗುತ್ತಿದೆ. ಅಲ್ಲಿನ ಮಕ್ಕಳು ಶಾಲೆಯಲ್ಲಿ 'ಅಸಗಾವೊ' ಎಂಬ, ಬೆಳಿಗ್ಗೆ ಅರಳುವ ಹೂವಿನ ಬೀಜ ಬಿತ್ತಿ, ರಜೆ ಬಂದಾಗ ಕುಂಡವನ್ನು ಮನೆಗೆ ಒಯ್ಯುತ್ತಾರೆ. ಬಳ್ಳಿ ಎಷ್ಟು ಬೆಳೆಯಿತು, ಇಂದು ಎಷ್ಟು ಹೂ ಬಿಟ್ಟಿತು ಎಂದು ಚಿತ್ರ ಬರೆದು ದಿನಚರಿ ಇಡುತ್ತಾರೆ. ವಿಜ್ಞಾನ ಎಂದರೆ ಮೊದಲು ನೋಡುವುದು, ನೋಡಿದ್ದನ್ನು ಬರೆದಿಡುವುದು. ಇದಕ್ಕೆ ಪ್ರಯೋಗಾಲಯ ಬೇಡ, ಒಡೆದ ಗಡಿಗೆಯ ತಳ ಸಾಕು. ಸರ್ ಎಂ. ವಿಶ್ವೇಶ್ವರಯ್ಯನವರು 1898ರಲ್ಲಿಯೇ ಜಪಾನಿಗೆ ಹೋಗಿ ಅಲ್ಲಿನ ಕೈಗಾರಿಕೆ, ಶಿಕ್ಷಣಗಳನ್ನು ಕಣ್ಣಾರೆ ಕಂಡು ಬಂದಿದ್ದರು. ನಾವು ಕಾರ್ಖಾನೆಗಳನ್ನಷ್ಟೇ ನೆನಪಿಟ್ಟುಕೊಂಡು ಹೂಕುಂಡಗಳನ್ನು ಮರೆತೆವೇನೋ.

ಇಷ್ಟೆಲ್ಲ ಇದ್ದೂ ಜಪಾನಿನ ಬೇಸಿಗೆ ಈಗ ಬರೀ ಗಂಟೆಯ ನಾದವಲ್ಲ. 2018ರ ಜುಲೈನಲ್ಲಿ ಕುಮಗಾಯಾ ಎಂಬಲ್ಲಿ ತಾಪಮಾನ 41.1 ಡಿಗ್ರಿಗೆ ಏರಿತು. ಅದೇ ತಿಂಗಳ 17ರಂದು, ನಮ್ಮ ಬಿಡದಿಯಲ್ಲಿ ಕಾರ್ಖಾನೆಯಿರುವ ಕಾರು ಕಂಪನಿಯಿಂದಲೇ ಹೆಸರು ಪಡೆದ ಟೊಯೊಟಾ ನಗರದಲ್ಲಿ, ಶಾಲೆಯ ಹೊರಸಂಚಾರಕ್ಕೆ ಹೋಗಿ ಬಂದ ಒಂದನೇ ತರಗತಿಯ ಆರು ವರ್ಷದ ಬಾಲಕ ಬಿಸಿಲಿನ ಆಘಾತಕ್ಕೆ ಬಲಿಯಾದ. ದೇಶವೇ ತಲೆತಗ್ಗಿಸಿತು. ಸರ್ಕಾರ ಹಣ ಒದಗಿಸಿ, 2022ರ ಹೊತ್ತಿಗೆ ಸಾರ್ವಜನಿಕ ಪ್ರಾಥಮಿಕ ಮತ್ತು ಮಾಧ್ಯಮಿಕ ಶಾಲೆಗಳ ಸಾಮಾನ್ಯ ತರಗತಿ ಕೋಣೆಗಳಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಕೋಣೆಗಳಿಗೆ ಹವಾನಿಯಂತ್ರಕ ಬಂತು.

ಇಲ್ಲಿ ಒಂದು ಸೂಕ್ಷ್ಮವಿದೆ. ಜಪಾನಿನ ಬೇಸಿಗೆ ತೇವದ ಬೇಸಿಗೆ. ಗಾಳಿಯಲ್ಲಿ ಆಗಲೇ ನೀರಾವಿ ತುಂಬಿರುವುದರಿಂದ ಮೈಯ ಬೆವರಾಗಲೀ ಅಂಗಳದ ನೀರಾಗಲೀ ಬೇಗ ಆರುವುದಿಲ್ಲ. ನಮ್ಮ ಬಳ್ಳಾರಿಯ ಏಪ್ರಿಲ್ ಬಿಸಿಲು ಒಣಬಿಸಿಲು. ಮಣ್ಣಿನ ಗಡಿಗೆ, ಒದ್ದೆ ತಟ್ಟಿ, ಥಳಿ ನೀರು ಅವರಿಗಿಂತ ನಮ್ಮಲ್ಲೇ ಹೆಚ್ಚು ಕೆಲಸ ಮಾಡುತ್ತವೆ. ಆದರೆ ಬಿಡುತ್ತಿರುವವರು ನಾವು. ದಪ್ಪ ಮಣ್ಣಿನ ಮಾಳಿಗೆ ಇಳಿಸಿ ತಗಡಿನ ಶೀಟು ಹೊದಿಸುತ್ತೇವೆ. ಮಾಳಿಗೆ ಹಗಲ ಶಾಖವನ್ನು ತಡೆದು ನಿಧಾನವಾಗಿ ಬಿಡುತ್ತಿತ್ತು. ತಗಡು ಹತ್ತು ನಿಮಿಷದಲ್ಲಿ ಕಾದು ಅದರ ಕೆಳಗಿನ ತೊಟ್ಟಿಲನ್ನೂ ಕಾಯಿಸುತ್ತದೆ. ಮಾಳಿಗೆ ಸೋರುತ್ತದೆ, ವರ್ಷವರ್ಷ ಮಣ್ಣು ಹಾಕಬೇಕು ಎನ್ನುವುದು ಸುಳ್ಳಲ್ಲ. ಬಡವನಿಗೆ ತಗಡೇ ಅನುಕೂಲ. ಹಾಗಾದರೆ ತಗಡಿನ ಮೇಲೆ ಸುಣ್ಣವನ್ನಾದರೂ ಬಳಿಯೋಣ, ಜೋಳದ ದಂಟನ್ನಾದರೂ ಹರಡೋಣ.

ಈ ಏಪ್ರಿಲ್‌ನಲ್ಲಿ ಮಕ್ಕಳೇ ಮನೆಯವರ ಮೊಬೈಲಿನಲ್ಲಿ ನಮ್ಮೂರ ಬೇಸಿಗೆಯ ಫೋಟೊ ತೆಗೆದು ನಗೋಯಾಕ್ಕೆ ಕಳಿಸಲು ಸಿದ್ಧರಾದರು. ಮಾಳಿಗೆಯ ಮೇಲೆ ಸಾಲಾಗಿ ಹಾಸಿದ ಕೌದಿ, ಕಾಲುವೆಯಲ್ಲಿ ಕುತ್ತಿಗೆವರೆಗೆ ಮುಳುಗಿದ ಎಮ್ಮೆ, ಬಸ್ ನಿಲ್ದಾಣದ ಅರವಟಿಗೆ, ಒಣಹಾಕಿದ ಸಂಡಿಗೆ. ಕೊನೆಯದೊಂದು ಬೇರೆ ಬಗೆಯದು. ಮಟಮಟ ಮಧ್ಯಾಹ್ನ ಹೊಲದಲ್ಲಿ ಕೂಲಿ ಹೆಂಗಸರು ಬುತ್ತಿ ಬಿಚ್ಚಿದ್ದಾರೆ. ಸುತ್ತ ಒಂದೂ ಮರವಿಲ್ಲ. ಅವರು ಕೂತಿರುವುದು ಟ್ರ್ಯಾಕ್ಟರಿನ ಟ್ರೇಲರ್ ಅಡಿಯ ನೆರಳಲ್ಲಿ.

'ಇದನ್ನ ಕಳಿಸಬ್ಯಾಡ್ರಿ ಸರ್, ನಮ್ಮೂರ ಮರ್ಯಾದಿ ಹೋಗ್ತದ' ಎಂದ ಒಬ್ಬ. ಫೋಟೊ ತೆಗೆದ ಹುಡುಗಿ ಕೇಳಿದಳು: 'ಆ ಹುಡುಗ ಸತ್ತಿದ್ದನ್ನ ಅವ್ರು ಮುಚ್ಚಿಟ್ಟಿದ್ರ ಶಾಲಿಗೆ ಎ.ಸಿ. ಬರ್ತಿತ್ತೇನು? ಅಲ್ಲಿ ಕುಂತಾಕಿ ನಮ್ಮವ್ವ.' ತರಗತಿ ಸುಮ್ಮನಾಯಿತು. ಫೋಟೊ ಹೋಯಿತು.

ನಮ್ಮ ಕಲ್ಯಾಣ ಕರ್ನಾಟಕದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಸುವ ರೂಢಿಯಿದೆ. ಕುರ್ಚಿಯ ಮೇಲೆ ಫ್ಯಾನಿನ ಕೆಳಗೆ ಕೂತವರಿಗೆ ಸಿಗುವ ಈ ರಿಯಾಯಿತಿ ಹೊಲದಲ್ಲಿರುವವರಿಗೂ ಸಿಗಬೇಡವೇ? ಹೊಲದ ಒಡೆಯರು ಕೂಲಿ ಕಡಿತ ಮಾಡದೆ ಕೆಲಸವನ್ನು ನಸುಕಿಗೆ ಹಾಕಿಕೊಂಡರೆ, ಬದುವಿಗೆ ಎರಡು ಬೇವಿನ ಸಸಿ ನೆಟ್ಟರೆ, ಅದಕ್ಕೆ ಸರ್ಕಾರದ ಆದೇಶವೇನೂ ಬೇಕಿಲ್ಲ. ಬಿಸಿಲಲ್ಲಿ ದುಡಿಯುವವರು ತೊದಲಿದರೆ, ತಡವರಿಸಿದರೆ ಅದನ್ನು ಸುಸ್ತು ಎಂದು ತಳ್ಳಿಹಾಕಬಾರದು. ನೆರಳಿಗೆ ತಂದು, ಮೈಗೆ ನೀರು ಹಾಕಿ ಗಾಳಿ ಬೀಸುತ್ತಲೇ ಆಸ್ಪತ್ರೆಗೆ ಒಯ್ಯಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು.

2011ರ ಭೂಕಂಪದ ನಂತರ ವಿದ್ಯುತ್ ಅಭಾವ ಬಂದಾಗ ಜಪಾನಿನಲ್ಲಿ ಅನೇಕ ಶಾಲೆ, ಕಚೇರಿ, ಮನೆಗಳು ಕಿಟಕಿಯ ಮುಂದೆ ಬಲೆ ಕಟ್ಟಿ ಬಳ್ಳಿ ಹಬ್ಬಿಸಿದವು. ಯಾವ ಬಳ್ಳಿ ಅಂತೀರಿ? ಹಾಗಲ! ಎಲೆ ಬಿಸಿಲನ್ನು ತಡೆಯುತ್ತದೆ, ತಾನು ಬಿಡುವ ನೀರಾವಿಯಿಂದ ಗಾಳಿಯನ್ನು ತಂಪು ಮಾಡುತ್ತದೆ, ಮೇಲೆ ಪಲ್ಯಕ್ಕೆ ಕಾಯಿ. ಪಡುವಣ ಬಿಸಿಲು ಹೊಡೆಯುವ ನಮ್ಮ ತರಗತಿಯ ಕಿಟಕಿಗಳಿಗೆ ಮಕ್ಕಳು ಹಳೆಯ ಬಲೆ ಕಟ್ಟಿದ್ದಾರೆ. ಬೀಜ ಹಾಕಿಯಾಗಿದೆ. ಎಷ್ಟು ಎಲೆ ಬಂತು, ಒಳಗೆ ಎಷ್ಟು ಡಿಗ್ರಿ, ಹೊರಗೆ ಎಷ್ಟು ಎಂದು ದಿನವೂ ಬರೆದಿಡುವ ಪಾಳಿ ಹಂಚಿಕೊಂಡಿದ್ದಾರೆ. ಮೊದಲ ಪಾಳಿ ಆ ಹುಡುಗಿಯದು.