ಟ್ರಾಕ್ಟರಿನ ಜೋಡುದಂಡವನ್ನು ಆರಿಸುವ ಬಗೆ

ಮನೆವಾರ್ತೆಯ ಪತ್ರಿಕೆಯಲ್ಲಿ ಟ್ರಾಕ್ಟರಿನ ಮಾತೇಕೆಂದು ನಮ್ಮ ವಾಚಕ ಮಹಾಶಯರಲ್ಲಿ ಕೆಲವರು ಕೇಳಬಹುದು. ಸಿಂಧನೂರು ಸೀಮೆಯು ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡು ಬತ್ತ ಬೆಳೆಯುವ ಸೀಮೆ. ಪೂರ್ವ ಪಾಕಿಸ್ತಾನದಿಂದ ನೆಲೆ ಕಳೆದುಕೊಂಡು ಬಂದ ಕುಟುಂಬಗಳಿಗಾಗಿ ಏರ್ಪಟ್ಟ ಆರ್.ಎಚ್. ಕ್ಯಾಂಪು ಇಲ್ಲಿಯೇ ಇದೆ. ಕಾಲುವೆಗೆ ನೀರು ಬಿಟ್ಟ ಮೇಲೆ ನಾಟಿಗೆ ಮೊದಲು ಎರೆಮಣ್ಣನ್ನು ಹದಗೊಳಿಸಲು ದೊರೆಯುವ ದಿನಗಳು ಕೆಲವೇ. ಆ ದಿನಗಳಲ್ಲಿ ರೋಟವೇಟರು ಗದ್ದೆಯ ನಡುವೆ ನಿಂತುಹೋದರೆ ಅದರ ನಷ್ಟವು ಅಡಿಗೆಮನೆಯವರೆಗೂ ಬರುತ್ತದೆ. ಬಂಡಿಯ ಕಡಾಣಿಯನ್ನು ಹಿಂದೆ ಮನೆಮಂದಿಯೆಲ್ಲರೂ ಗಮನಿಸುತ್ತಿದ್ದಂತೆ ಈ ಯಂತ್ರದ ಕೀಲನ್ನೂ ಎಲ್ಲರೂ ಅರಿತಿರುವುದು ಲೇಸು.

ಟ್ರಾಕ್ಟರಿನ ಹಿಂಬದಿಯಿಂದ ರೋಟವೇಟರಿಗೆ ಶಕ್ತಿಯನ್ನು ಒಯ್ಯುವ ದಂಡವೇ ಪಿ.ಟಿ.ಓ. ಶಾಫ್ಟು. ಅದರ ಎರಡು ತುದಿಗಳಲ್ಲಿಯೂ ಒಂದೊಂದು ಕೀಲು ಇರುತ್ತದೆ. ಕೀಲಿನೊಳಗಿನ ನಾಲ್ಕು ತೋಳಿನ ತುಂಡನ್ನು ಮೆಕ್ಯಾನಿಕರು ಕ್ರಾಸ್ ಎನ್ನುವರು. ತೋಳುಗಳ ತುದಿಗೆ ಸೂಜಿಯಂತಹ ಬೇರಿಂಗುಗಳುಳ್ಳ ಬಟ್ಟಲುಗಳಿರುತ್ತವೆ. ಇಟಲಿಯ ಕಾರ್ಡಾನೋ, ಇಂಗ್ಲೆಂಡಿನ ರಾಬರ್ಟ್ ಹುಕ್ ಎಂಬ ಪಂಡಿತರ ಹೆಸರುಗಳು ಈ ಕೀಲಿಗೆ ಇಂದಿಗೂ ಅಂಟಿಕೊಂಡಿವೆ.

ಈ ಕೀಲಿಗೆ ಒಂದು ಸ್ವಭಾವದೋಷವುಂಟು. ದಂಡವು ನೇರವಾಗಿದ್ದಾಗ ಅದು ಸಮವೇಗದಿಂದ ತಿರುಗುವುದು. ಬಾಗಿದೊಡನೆ ಪ್ರತಿ ಸುತ್ತಿನಲ್ಲಿಯೂ ಎರಡು ಸಲ ಓಡಿ ಎರಡು ಸಲ ತಡೆಯುವುದು. ನಿಮಿಷಕ್ಕೆ 540 ಸುತ್ತು ತಿರುಗುವ ಟ್ರಾಕ್ಟರಿನಲ್ಲಿ ಒಂದು ಕೀಲು 30 ಡಿಗ್ರಿ ಬಾಗಿದರೆ, ಅದರಾಚೆಯ ವೇಗವು ಸುಮಾರು 468ರಿಂದ 624ರವರೆಗೆ ಏರಿಳಿಯುತ್ತದೆ. ಎರಡನೆಯ ಕೀಲು ಅಷ್ಟೇ ಕೋನದಲ್ಲಿ ಬಾಗಿದ್ದು, ದಂಡದ ಎರಡು ತುದಿಗಳ ಕವಲುಗಳೂ ಒಂದೇ ಸಾಲಿನಲ್ಲಿದ್ದರೆ ಮಾತ್ರ ಈ ಏರಿಳಿತವು ಸರಿಹೋಗುವುದು. ದಂಡವನ್ನು ಬಿಚ್ಚಿ ಮರಳಿ ಸೇರಿಸುವಾಗ ಒಂದು ಗೀರು ತಪ್ಪಿದರೂ ಹೊಸ ಕ್ರಾಸು ಬೇಗನೆ ಹಾಳಾಗುವುದು ಇದರಿಂದಲೇ. ಬದುವಿನಲ್ಲಿ ರೋಟವೇಟರನ್ನು ಎತ್ತಿದಾಗ ಕೋನವು ಹೆಚ್ಚುವುದರಿಂದ, ಪೂರ್ಣವಾಗಿ ಎತ್ತುವ ಮೊದಲು ಪಿ.ಟಿ.ಓ. ನಿಲ್ಲಿಸತಕ್ಕದ್ದು.

ಇನ್ನು ಕೊಳ್ಳುವ ವಿಚಾರ. ಅಂಗಡಿಗೆ ಹೋಗುವಾಗ ಹಳೆಯ ಕ್ರಾಸನ್ನು ಕೈಯಲ್ಲಿಯೇ ಒಯ್ಯಬೇಕು. ಬಟ್ಟಲಿನ ವ್ಯಾಸ, ಒಂದು ತುದಿಯಿಂದ ಎದುರು ತುದಿಯವರೆಗಿನ ಉದ್ದ, ಇವೆರಡೂ ಕೂದಲೆಳೆಯಷ್ಟೂ ಬೇರೆಯಾಗಿರಬಾರದು. ಸಡಿಲವಾದುದನ್ನು ತಗಡು ಕೊಟ್ಟು ಕೂರಿಸುವುದು ಉಳಿತಾಯವಲ್ಲ. ಒಂದು ಬಟ್ಟಲು ಸವೆದಿದ್ದರೂ ಕ್ರಾಸು ಮತ್ತು ನಾಲ್ಕು ಬಟ್ಟಲುಗಳನ್ನು ಒಟ್ಟಿಗೆ ಬದಲಿಸಬೇಕು. ಕೊಳವೆಗಳು ಒಂದರೊಳಗೊಂದು ಜಾರುವ ದಂಡವು ಅತಿ ನೀಳವಾದಾಗಲೂ ಮೂರರಲ್ಲೊಂದು ಪಾಲಾದರೂ ಒಳಗಿರಬೇಕು. ಅತಿ ಕಿರಿದಾದಾಗ ತಳಕ್ಕೆ ತಾಗಬಾರದು. ಹೆಚ್ಚು ಭಾರ ಬಿದ್ದಾಗ ತಾನೇ ತುಂಡಾಗಿ ಯಂತ್ರವನ್ನು ಉಳಿಸುವ ಬೋಲ್ಟಿನ ಜಾಗದಲ್ಲಿ ಗಟ್ಟಿಯಾದ ಬೋಲ್ಟನ್ನು ಹಾಕುವವರು, ಕೆಲವು ರೂಪಾಯಿಯ ತುಂಡಿಗೆ ಬದಲಾಗಿ ಗೇರುಪೆಟ್ಟಿಗೆಯನ್ನೇ ಒಡ್ಡಿದಂತಾಗುವುದು. ಬಟ್ಟಲಿನ ಸುತ್ತ ಕೆಂಪು ಹುಡಿ ಕಂಡರೆ ಗ್ರೀಸು ಒಣಗಿ ಒಳಗೆ ತುಕ್ಕು ಹಿಡಿದಿದೆಯೆಂದು ತಿಳಿಯಬೇಕು. ಕೆಸರಿನ ಕೆಲಸದಲ್ಲಿ ದಿನಕ್ಕೊಮ್ಮೆಯಾದರೂ ಗ್ರೀಸು ತುಂಬುವುದು ಒಳ್ಳೆಯದು.

ಕಾಡುದಾರಿಗೆಂದು ಜೀಪನ್ನು ಎತ್ತರಿಸುವವರಿಗೂ ಇದೇ ನ್ಯಾಯ. ಮೈ ಎತ್ತರವಾದಷ್ಟೂ ದಂಡವು ಓರೆಯಾಗಿ, ಉದ್ದವೂ ಸಾಲದೆ ಬರುವುದು. ಆದ್ದರಿಂದ ಅವರು ಮೊದಲು ಕೋನವನ್ನೂ ಉದ್ದವನ್ನೂ ಅಳೆದು, ಬಳಿಕ ತುಂಡುಗಳ ಬೆಲೆಯನ್ನು ಕೇಳಬೇಕು. ತಯಾರಕರು ಕೊಟ್ಟ ಆಕಾರವನ್ನು ಮನಬಂದಂತೆ ಬದಲಿಸುವುದಕ್ಕೆ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ತಡೆಯಿರುವುದನ್ನೂ ಅವರು ನೆನೆಯಬೇಕು.

ಇಷ್ಟೆಲ್ಲಕ್ಕಿಂತ ಮುಖ್ಯವಾದುದು ದಂಡದ ಮೇಲಿನ ಪ್ಲಾಸ್ಟಿಕ್ ಕವಚ. ಅದು ಒಡೆದರೆ ಕಿತ್ತೆಸೆದು ಮರೆಯುವ ರೂಢಿ ಹಲವೆಡೆ ಉಂಟು. 540 ಸುತ್ತು ಎಂದರೆ ಕ್ಷಣಕ್ಕೆ 9 ಸುತ್ತು. 6 ಸೆಂಟಿಮೀಟರು ದಪ್ಪದ ದಂಡವು ಸೆಕೆಂಡಿಗೆ ಒಂದೂವರೆ ಮೀಟರಿಗೂ ಹೆಚ್ಚು ಬಟ್ಟೆಯನ್ನು ಸುತ್ತಿಕೊಳ್ಳಬಲ್ಲುದು; ಐದೂವರೆ ಮೀಟರಿನ ಸೀರೆಗೆ ನಾಲ್ಕು ಸೆಕೆಂಡು ಸಾಕು. ಸೆರಗಾಗಲಿ, ಲುಂಗಿಯಾಗಲಿ, ಹೆಗಲ ವಸ್ತ್ರವಾಗಲಿ ಸಿಕ್ಕಿದ ಮೇಲೆ ಕೂಗಿ ನಿಲ್ಲಿಸುವಷ್ಟು ಹೊತ್ತೇ ಇರದು. ಬುತ್ತಿ ತಂದ ತಾಯಂದಿರು ಟ್ರಾಕ್ಟರಿನ ಹಿಂದೆ ನಿಲ್ಲದಿರಲಿ. ಮಕ್ಕಳನ್ನು ಬಳಿ ಬಿಡದಿರಲಿ. ತಿರುಗುವ ದಂಡವನ್ನು ದಾಟುವ ಧೈರ್ಯವನ್ನು ಯಾರೂ ತೋರಿಸದಿರಲಿ. ಕವಚವು ತಿರುಗದಂತೆ ಅದರ ಸರಪಳಿಯನ್ನು ಕಟ್ಟಿದ ಮೇಲೆಯೇ ಕೆಲಸಕ್ಕೆ ಇಳಿಯಲಿ.

ಈ ಸಲದ ಹಂಗಾಮಿನ ಖರ್ಚನ್ನು ಬರೆಯುವಾಗ ಬೀಜ ಗೊಬ್ಬರಗಳ ಪಕ್ಕದಲ್ಲಿ ಒಂದು ಕವಚದ ಬೆಲೆಯನ್ನೂ ಬರೆದಿಡಬೇಕೆಂದು ನಮ್ಮ ಸೋದರಿಯರಲ್ಲಿ ಅರಿಕೆ.